ಗಾಜಿನ ಮೇಲಿನ ಕುಂಕುಮ

ಚಲುವಯ್ಯನವರಿಗೆ ಸ್ವಂತ ಮಗಳು ಹುಟ್ಟಿದ ತಾರೀಖು ನೆನಪಿರಲಿಲ್ಲ. ಕಂಪ್ರೆಸರಿಗೆ ಎಣ್ಣೆ ಬದಲಿಸಿದ ತಾರೀಖು ಮಾತ್ರ ಯಾವಾಗ ಕೇಳಿದರೂ ನಾಲಿಗೆಯ ತುದಿಯಲ್ಲಿರುತ್ತಿತ್ತು. ಪಕ್ಕದ ಮನೆಯವರಾದ ನಾವು ಈ ವಿಷಯಕ್ಕೆ ಅವರನ್ನು ಸಾಕಷ್ಟು ಗೋಳು ಹೊಯ್ದುಕೊಂಡಿದ್ದೇವೆ.

ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ, ಅವರ ಹಿತ್ತಲಿನ ತಗಡಿನ ಶೆಡ್ಡೇ ಕಾರ್ಖಾನೆ. ಬೀರು, ಗೇಟು, ಸೈಕಲ್ಲು ಏನು ತಂದರೂ ಸ್ಪ್ರೇ ಗನ್ನಿನಲ್ಲಿ ಬಣ್ಣ ಹೊಡೆದು ಕೊಡುತ್ತಿದ್ದರು. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರನ್ನು ತೊಂಬತ್ತೊಂದರಲ್ಲಿ ಹೊಳೆನರಸೀಪುರದ ಮುಚ್ಚಿಹೋದ ಅಕ್ಕಿ ಗಿರಣಿಯಿಂದ ತಂದಿದ್ದರು. ಆಗಲೇ ಅದು ಮುದಿ. ಅರ್ಧ ದಿನ ಓಡಿದರೆ ಎಣ್ಣೆ ಕುಡಿದುಬಿಡುತ್ತಿತ್ತು. ಎಣ್ಣೆಯ ಮಟ್ಟ ನೋಡಲು ಪಕ್ಕದಲ್ಲಿ ರೂಪಾಯಿ ಬಿಲ್ಲೆಯಷ್ಟು ಅಗಲದ ಗಾಜು. ಅದನ್ನು ನೋಡದೆ ಚಲುವಯ್ಯ ಸ್ವಿಚ್ ಮುಟ್ಟಿದವರಲ್ಲ. ಸಂಜೆ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಒಳಗೆ ನಿಂತ ನೀರನ್ನು ಬುಸ್ ಎಂದು ಹೊರಗೆ ಬಿಡುತ್ತಿದ್ದರು. ಎಣ್ಣೆ ಬದಲಿಸಿದ ದಿನ ಕೈಗೆ ಸಿಕ್ಕ ಬಣ್ಣದಲ್ಲಿ ಶೆಡ್ಡಿನ ಬಾಗಿಲ ಮೇಲೆ ತಾರೀಖು ಬರೆಯುತ್ತಿದ್ದರು. ಆ ಬಾಗಿಲು ನೋಡುವುದಕ್ಕೇ ಒಂದು ಚೆಂದ.

ಕೀರ್ತಿರಾಜ್ ಅವರ ಜೊತೆ ಎಂಟು ವರ್ಷ ದುಡಿದವನು. ಗನ್ ಹಿಡಿಯುವುದನ್ನು ಕಲಿತದ್ದು ಅಲ್ಲೇ. ಅವನಿಗೆ ಹೆಣ್ಣು ನೋಡಿ ಮದುವೆ ಮಾಡಿಸಿದವರೂ ಚಲುವಯ್ಯನೇ. ಒಡಹುಟ್ಟಿದ ತಮ್ಮನಿಗೂ ಅವರು ಅಷ್ಟು ಮಾಡಿದ್ದನ್ನು ನಾನು ಕಾಣೆ.

ಎರಡು ಸಾವಿರದ ಎರಡರ ಆಯುಧ ಪೂಜೆ. ಹಿಂದಿನ ದಿನ ಚಲುವಯ್ಯ ಹೊಸ ಎಣ್ಣೆ ತುಂಬಿ, ಗಾಳಿ ಎಳೆದುಕೊಳ್ಳುವ ಬಾಯಿಯ ಫಿಲ್ಟರನ್ನು ಬೆಳ್ಳಗಾಗುವವರೆಗೆ ತೊಳೆದು ಹಾಕಿ, ಬಾಗಿಲ ಮೇಲೆ ಕೆಂಪಿನಲ್ಲಿ ತಾರೀಖು ಬರೆದರು. ಹೆಂಡತಿ ಬೆಟ್ಟಮ್ಮ ಬೆಳಿಗ್ಗೆ ಪೂಜೆ ಮಾಡಿ, ಪ್ರತಿ ವರ್ಷದಂತೆ ಆ ಗಾಜಿಗೇ ಕುಂಕುಮ ಮೆತ್ತಿದರು. ಯಂತ್ರಕ್ಕೆ ಹಣೆ ಅಂತ ಬೇರೆ ಯಾವುದಿದೆ! ಪೂಜೆಗೆ ಕೂತ ಯಂತ್ರವನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಆಮೇಲೆ ಚಲುವಯ್ಯನೇ ಕುಂಕುಮ ಒರೆಸಿ, ಎಣ್ಣೆ ನೋಡಿ, ಚಾಲು ಮಾಡುವುದು ಪದ್ಧತಿ. ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಅರಕಲಗೂಡಿಗೆ, ಬೆಟ್ಟಮ್ಮನ ತವರಿಗೆ ಹೊರಟರು. ಸಂಜೆ ದೀಪ ಹಚ್ಚಲೆಂದು ಶೆಡ್ಡಿನ ಬೀಗದ ಕೈ ಕೀರ್ತಿರಾಜನಿಗೆ ಕೊಟ್ಟರು. ನಾವೂ ಅವತ್ತೇ ಊರಿಗೆ ಹೋದೆವು.

ಹಬ್ಬ ಮುಗಿಸಿ ಬಂದು ಕುಂಕುಮ ಒರೆಸಿದರೆ ಗಾಜಿನಲ್ಲಿ ಎಣ್ಣೆಯೇ ಇಲ್ಲ! ಚಲುವಯ್ಯ ಗಾಬರಿಯಲ್ಲಿ ಎಣ್ಣೆ ಸುರಿದು ಸ್ವಿಚ್ ಹಾಕಿದರು. ಯಂತ್ರ ಎರಡು ಸಲ ಗಡಗಡ ಅಂದು, ಪಿಸ್ಟನ್ ಕಚ್ಚಿಕೊಂಡು ನಿಂತೇಹೋಯಿತು.

"ನೀವು ಎಣ್ಣೆ ಉಯ್ದಿದ್ದು ನಾ ನೋಡಿವ್ನಿ" ಎಂದರು ಬೆಟ್ಟಮ್ಮ.

"ತಾರೀಕೂ ಬರ್ದಿವ್ನಲ್ಲ..."

"ಬರ್ದಿರ್ತೀರ ಕಣಣ್ಣ, ಉಯ್ಯಾಕೆ ಮರ್ತಿರ್ತೀರ" ಎಂದ ಕೀರ್ತಿರಾಜ್. "ಅಕ್ಕ ನೋಡಿದ್ದು ಓದ್ಸಲದ್ದಿರ್ಬೇಕು. ವಯಸ್ಸಾಯ್ತಲ್ಲ."

ಆ ಒಂದು ಮಾತು ಚಲುವಯ್ಯನನ್ನು ನೆಲ ಹಿಡಿಸಿತು. ಶೆಡ್ಡಿಗೆ ಬೀಗ ಬಿತ್ತು. ಹೊಟ್ಟೆಗೆ ಹಾಕದೆ ಕೊಂದೆ, ಇನ್ನು ಯಾವ ಮುಖ ಇಟ್ಟುಕೊಂಡು ಬಿಚ್ಚಲಿ ಎಂದು ಯಂತ್ರದ ಹತ್ತಿರ ಸುಳಿಯಲಿಲ್ಲ. ಹಾಕಿದ ಬೀಗವನ್ನು ಮೂರು ಮೂರು ಸಲ ಜಗ್ಗಿ ನೋಡುವ ಅಭ್ಯಾಸ ಶುರುವಾಯಿತು. ಊಟ ಮಾಡಿದೆನಾ ಎಂದು ಹೆಂಡತಿಯನ್ನು ಕೇಳಿದ್ದೂ ಉಂಟು. ಬರುವ ಗಿರಾಕಿಗಳಿಗೆ ಕೀರ್ತಿರಾಜ್ "ಅಣ್ಣಂಗೆ ಈಗ ಮರೆವು" ಎಂದು ಮೆಲ್ಲಗೆ ಹೇಳಿ, ಬಾಡಿಗೆ ಕಂಪ್ರೆಸರ್ ಇಟ್ಟು ತಾನೇ ಹಾಕಿಕೊಂಡ ಶೆಡ್ಡಿಗೆ ಕರೆದುಕೊಂಡ. ಹಬ್ಬಕ್ಕೆ ಹೋಳಿಗೆ ತಂದುಕೊಟ್ಟು ಕಾಲಿಗೂ ಬಿದ್ದು ಹೋಗುತ್ತಿದ್ದ. ಆ ಹೋಳಿಗೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುವರ್ಷ ಆಯುಧ ಪೂಜೆಗೆ ಎರಡು ದಿನವಿರುವಾಗ, ಕೆಟ್ಟಿದ್ದರೂ ದೇವರಿಗೆ ಕೂರಿಸಬೇಕಲ್ಲ ಎಂದು ಬೆಟ್ಟಮ್ಮ ಶೆಡ್ಡಿನ ಬೀಗ ತೆಗೆಸಿದರು. ತೊಳೆಯಲೆಂದು ಚಲುವಯ್ಯ ಫಿಲ್ಟರ್ ಬಿಚ್ಚಿದರು. ಅದು ಹಸಿರಾಗಿತ್ತು. ಗನ್ನಿನಿಂದ ಹಾರಿದ ಬಣ್ಣವನ್ನು ಗಾಳಿಯ ಜೊತೆ ಎಳೆದುಕೊಂಡಾಗ ಮಾತ್ರ ಫಿಲ್ಟರಿಗೆ ಬಣ್ಣ ಹಿಡಿಯುವುದು. ತೊಳೆದು ಹಾಕಿದ ಮೇಲೆ ಅವರು ಒಂದು ಸಲವೂ ಗನ್ ಹಿಡಿದಿರಲಿಲ್ಲ. ದಂಡಿಗನಹಳ್ಳಿ ದ್ಯಾವಯ್ಯನವರ ಟ್ರ್ಯಾಕ್ಟರ್ ಟ್ರೇಲರು ಹೋದ ವರ್ಷ ತಾವು ಹಬ್ಬ ಮುಗಿಸಿ ಬಂದ ದಿನ ಹೊಸ ಹಸಿರು ಬಣ್ಣದಲ್ಲಿ ಮಿಂಚುತ್ತಿದ್ದದ್ದು ನೆನಪಾಯಿತು. "ಬಣ್ಣ ಆಸನದ ಪ್ಯಾಟೇಲಿ ಒಡಿಸ್ಕೊಂಡ್ ಬಂದವ್ರೆ" ಎಂದು ಅವತ್ತು ಹೇಳಿದವನು ಕೀರ್ತಿರಾಜನೇ.

ಅದೇ ಸಂಜೆ ಕೀರ್ತಿರಾಜ್ ಎಲೆ ಅಡಿಕೆ ಹಿಡಿದು ಬಂದ. ಹೊಸ ಕಂಪ್ರೆಸರ್ ತಂದಿದ್ದೇನೆ, ಪೂಜೆಯಾದ ಮೇಲೆ ಗುರುಗಳ ಕೈಯಲ್ಲೇ ಮೊದಲು ಚಾಲೂ ಆಗಬೇಕು ಎಂದ. ಚಲುವಯ್ಯ ಆಗಲಿ ಎಂದರು.

ವಿಜಯದಶಮಿ ಕಳೆದ ಬೆಳಿಗ್ಗೆ ಕೀರ್ತಿರಾಜನ ಶೆಡ್ಡಿಗೆ ಹೋದರು, ನಾನೂ ಜೊತೆಗಿದ್ದೆ. ಹೊಸ ಯಂತ್ರದ ಗಾಜಿಗೂ ಕುಂಕುಮವಿತ್ತು. ಟವಲಿನ ತುದಿಯಲ್ಲಿ ಒರೆಸಿ, ಬಗ್ಗಿ ಎಣ್ಣೆ ನೋಡಿದರು. ಆಮೇಲೆ ಜೇಬಿನಿಂದ ಹಸಿರು ಫಿಲ್ಟರ್ ತೆಗೆದು ತಾಂಬೂಲದ ತಟ್ಟೆಯಲ್ಲಿ ಇಟ್ಟರು.

ಕೀರ್ತಿರಾಜ್ ಅದರ ಮೇಲೆ ಎಲೆ ಮುಚ್ಚಲು ಹೋದ. "ಅಣ್ಣ... ನೀವು ಊರಲ್ಲಿಲ್ದಾಗ ಇಡೀ ದಿನ ಓಡ್ಸಿದ್ದೆ. ಕುಂಕುಮ ಒರ್ಸಿ ಎಣ್ಣೆ ನೋಡಿದ್ರೆ ನಿಮ್ಗೆ ಗೊತ್ತಾಯ್ತದೆ ಅಂತ ನೋಡ್ಲೇ ಇಲ್ಲ..."

"ಮಿಸನ್ ಓದ್ರೆ ಓಗ್ಲಿ ಕಣ್ಲಾ" ಎಂದರು ಚಲುವಯ್ಯ. "ನಂಗೆ ಬುದ್ಧಿ ಕೆಟ್ಟದೆ ಅಂತ ಒಂದ್ ವರ್ಸ ನಾನೇ ನಂಬ್ದೆ. ನೀನು ನೋಡ್ತಾ ಕುಂತಿದ್ದೆ."

ಸ್ವಿಚ್ ಮುಟ್ಟದೆ ಹೊರಟುಬಂದರು. ಮನೆಗೆ ಬಂದು ಶೆಡ್ಡಿಗೆ ಬೀಗ ಹಾಕಿದರು, ಒಂದೇ ಸಲ, ಜಗ್ಗಿ ನೋಡಲಿಲ್ಲ. ಆಮೇಲೆ ಜಗಲಿಯ ಮೇಲೆ ಕೂತು ಅತ್ತರು. ಯಂತ್ರ ನಿಂತ ದಿನ ಅವರು ಅತ್ತಿರಲಿಲ್ಲ.