ಪತ್ತೇದಾರಿ ಓದುತ್ತಿದ್ದ ಸಿಸ್ಟರ್

ಕುಳಿತಲ್ಲಿಯೂ ಸಿಸ್ಟರ್ ಅವರ ಬಲಗಾಲಿನ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಇಡೀ ದಿನ ವಾರ್ಡಿನಲ್ಲಿ ನಿಂತು ಊದಿಕೊಂಡ ಪಾದ. ಆ ಹೆಬ್ಬೆರಳು ಮಂಚದ ಕಬ್ಬಿಣಕ್ಕೆ ಟಕ್ ಟಕ್ ಎಂದು ತಾಗುತ್ತಲೇ ಇರುತ್ತಿತ್ತು. ಕೈಯಲ್ಲಿ ಯಾವಾಗಲೂ ಒಂದೇ ಬಗೆಯ ಪುಸ್ತಕ: ಲಂಡನ್ನಿನಲ್ಲಿ ಒಂಟಿಯಾಗಿ ಕಚೇರಿ ತೆರೆದು ಕಾಣೆಯಾದವರನ್ನು ಹುಡುಕಿಕೊಡುವ ಹೆಂಗಸೊಬ್ಬಳ ಇಂಗ್ಲಿಷ್ ಕಾದಂಬರಿಗಳು. ಟೀವಿಯಲ್ಲಿ ಅವಳ ಧಾರಾವಾಹಿ ಬಂದರೆ ಒಲೆ ಆರಿಸಿ ಬಂದು ಕೂರುತ್ತಿದ್ದರು.

"ಅವಳಿಗೆಂತ ಮಾರಾಯ್ತಿ, ಬೇಕಾದಲ್ಲಿಗೆ ಹೋಗ್ತಾಳೆ. ಕೆಲಸಕ್ಕೆ ಕರೆಸಿ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಕಫೀಲ್ ಇಲ್ಲ ಅವಳಿಗೆ," ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಗಲ್ಫಿನಲ್ಲಿ, ಜಾಬ್ರಿಯಾದ ಆ ಫ್ಲ್ಯಾಟಿನಲ್ಲಿ ನಾವು ನಾಲ್ವರು ನರ್ಸುಗಳು. ಅವರು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ನಮಗಿಂತ ಹದಿನೈದು ವರ್ಷ ಹಿರಿಯರು; ನಮಗೆಲ್ಲ ಬರಿಯ 'ಸಿಸ್ಟರ್'.

ನನಗೆ ಆಗ ಎಲ್ಲೂ ಮನಸ್ಸು ನಿಲ್ಲದ ವಯಸ್ಸು. ಕ್ಲಿನಿಕ್ ಬಿಟ್ಟು, ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳಲು ಅವರ ಮನೆಗೇ ಹೋಗಿ ಸೇರಿಕೊಂಡೆ. ಜಾಬ್ರಿಯಾದಲ್ಲೇ, ನಾಲ್ಕು ಗಲ್ಲಿ ಆಚೆ ಎಂದು ಹೇಳಿ, ಫೋನ್ ನಂಬರ್ ಕೊಟ್ಟು ಹೊರಟಿದ್ದೆ. ಎರಡನೇ ವಾರವೇ ಆ ಮನೆಯ ಯಜಮಾನ ಫೋನಿಗೆ ಬೀಗ ಹಾಕಿದ, ಆಮೇಲೆ ಗೇಟಿಗೂ. ಯಾರು ಕೇಳಿದರೂ "ಊರಿಗೆ ಹೋದಳು" ಎಂದ. ಅಜ್ಜಿಯ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ, ಬೋನಿನೊಳಗಿನ ಪ್ರಾಣಿಯಂತೆ ನಡೆದೆ.

ಉಳಿದಿಬ್ಬರು ಅವನ ಮಾತು ನಂಬಿದರು. ಸಿಸ್ಟರ್ ನಂಬಲಿಲ್ಲ. ನಾನು ಮಾಡಲು ಕೊಟ್ಟಿದ್ದ ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು. "ಬಸ್ಸಿನ ನಂಬರ್ ಕಾಣದವಳು ಕನ್ನಡಕ ಬಿಟ್ಟು ವಿಮಾನ ಹತ್ತುತ್ತಾಳಾ?" ಎಂದರಂತೆ. ಮನೆ ಮನೆಗೆ ಸಾಮಾನು ಮುಟ್ಟಿಸುತ್ತಿದ್ದ ಬ್ಯಾರಿ ಅಂಗಡಿಯವರನ್ನು ಹೋಗಿ ಕೇಳಿದರು: "ಕಾಕ, ದೊಡ್ಡವರ ಡಯಾಪರ್ ಈಗ ಯಾರ ಮನೆಗೆ ಹೋಗ್ತದೆ?"

ಮರುದಿನ ಬೆಳಿಗ್ಗೆ ಬಿಳಿ ಯೂನಿಫಾರ್ಮ್ ತೊಟ್ಟು, ಬಿಪಿ ನೋಡುವ ಯಂತ್ರ ಹಿಡಿದು ಬಂದು ಬೆಲ್ ಒತ್ತಿದರು. ಕ್ಲಿನಿಕ್ಕಿನವರು ಎಂದುಕೊಂಡು ಮನೆಯವರು ಒಳಗೆ ಬಿಟ್ಟರು. ನನ್ನನ್ನು ಕಂಡರೂ ಕಾಣದವರಂತೆ ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ಒತ್ತುತ್ತಾ ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ಹೊಡೆದಿದ್ದಾರಾ?"

"ಇಲ್ಲ. ಹೊರಗೆ ಬಿಡ್ತಾ ಇಲ್ಲ."

"ಕೂಗಬೇಡ. ನಾಳೆ ಚಪ್ಪಲಿ ಹಾಕಿಕೊಂಡೇ ಇರು."

ಮರುದಿನ ರಾಯಭಾರ ಕಚೇರಿಯವರೊಬ್ಬರನ್ನೂ ಪೊಲೀಸರನ್ನೂ ಕರೆದುಕೊಂಡು ಬಂದರು. ನಾನು ಬೆಳಗಿನಿಂದ ಚಪ್ಪಲಿ ಕಳಚಿರಲಿಲ್ಲ.

ಯಜಮಾನ ಸುಮ್ಮನಿರಲಿಲ್ಲ. ಸುಳ್ಳು ಹೇಳಿ ಮನೆ ಹೊಕ್ಕಳೆಂದು ಅವರ ಕ್ಲಿನಿಕ್ಕಿಗೆ ದೂರು ಕೊಟ್ಟ. ನನಗೆ ಬೇರೆ ಕಡೆ ಕೆಲಸ ಸಿಕ್ಕಿತು. ಅವರಿಗೆ ಇದ್ದ ಕೆಲಸವೂ ಹೋಯಿತು, ಅಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿಯೂ ರದ್ದಾಯಿತು. ಊರಿನಲ್ಲಿ ಮಗಳ ಓದು ಇನ್ನೂ ಮುಗಿದಿರಲಿಲ್ಲ. ಅದನ್ನು ಅವರು ಹೇಳಲಿಲ್ಲ; ನನಗೆ ಗೊತ್ತಿತ್ತು.

ವಿಮಾನ ನಿಲ್ದಾಣದಲ್ಲಿ "ನನ್ನಿಂದಾಗಿ..." ಎಂದು ಶುರುಮಾಡಿದೆ.

"ನಿನ್ನಿಂದ ಎಂತದೂ ಅಲ್ಲ. ನನಗೆ ನೋಡದೆ ಇರ್ಲಿಕ್ಕೆ ಆಗ್ಲಿಲ್ಲ, ಅಷ್ಟೇ. ಯಲ್ಲಾ, ಹೋಗು. ನಿನಗೆ ಡ್ಯೂಟಿ ಉಂಟಲ್ಲ."

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ರಜೆ ಸಿಗಲಿಲ್ಲ, ಮಣ್ಣಿಗೂ ಹೋಗಲಾಗಲಿಲ್ಲ. ಈಗ ನಮ್ಮ ಕಟ್ಟಡಕ್ಕೆ ಹೊಸದಾಗಿ ಬಂದ ಹುಡುಗಿ ಯಾರಾದರೂ ಎರಡು ದಿನ ಕಾಣಿಸದಿದ್ದರೆ ನನ್ನ ಜೀವ ತಡೆಯುವುದಿಲ್ಲ, ಹೋಗಿ ಬಾಗಿಲು ತಟ್ಟುತ್ತೇನೆ. ಹೆಚ್ಚಿನ ಸಲ ನಿದ್ದೆಗಣ್ಣಿನ ಮುಖವೊಂದು ಬಾಗಿಲು ತೆರೆದು ಸಿಡುಕುತ್ತದೆ.

ಸಿಡುಕಲಿ.