ನಮ್ಮ ಬಾವಿಯ ಕಲ್ಲಿದ್ದಲು

‘ಕಲ್ಲು ಉರೀಲಿಲ್ಲ, ಅದಕ್ಕೇ ಹುಡುಗನ ಕಡೆಯವರು ಎದ್ದುಹೋದ್ರು.’ ಆಗಿನ ಕಾಲದ ಮಾತು ಬಂದಾಗಲೆಲ್ಲ ನಮ್ಮ ನೆಂಟರು ಅಕ್ಕನಿಗೆ ಶಿಡ್ಲಘಟ್ಟದ ಸಂಬಂಧ ತಪ್ಪಿದ್ದನ್ನು ಹೀಗೇ ಹೇಳಿ ನಗುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತನ್ನು ಬಿಡಿಸಿ ನೋಡುವುದನ್ನು ಕಲಿತವಳು ನಾನು. ಇದರಲ್ಲಿ ಮೊದಲರ್ಧ ಮಾತ್ರ ನಿಜ.

ಆಗೆಲ್ಲ ನಮ್ಮ ಪೆರೇಸಂದ್ರದ ಕಡೆ ಬೇಸಿಗೆ ಅಂದರೆ ಬಾವಿ ತೋಡುವ ಕಾಲ. ಸಿಡಿಮದ್ದಿನ ವಾಸನೆ, ಹಸಿ ಮಣ್ಣಿನ ವಾಸನೆ, ಕೆಲಸದವರಿಗೆ ಅಮ್ಮ ಕಳಿಸುತ್ತಿದ್ದ ಮುದ್ದೆ, ಸೊಪ್ಪಿನ ಸಾರು. ನಾವು ಮಕ್ಕಳು ಕುಂಟೆಬಿಲ್ಲೆ ಆಡಲು ಕಲ್ಲುರಾಶಿಯಲ್ಲಿ ಚಪ್ಪಟೆ ಚೂರು ಆರಿಸುತ್ತಿದ್ದೆವು. ಒಂದು ದಿನ ನಮ್ಮ ಬಾವಿಯಲ್ಲಿ ಬೂದು ಬಂಡೆಯ ನಡುವೆ ಕಡುಗಪ್ಪು ಕಲ್ಲಿನ ಪಟ್ಟೆ ಸಿಕ್ಕಿತು. ಗೌರಿಬಿದನೂರು ಸ್ಟೇಷನ್ನಿನಲ್ಲಿ ರೈಲಿಗೆ ಹಾಕುವ ಕಲ್ಲಿದ್ದಲನ್ನು ಕಂಡಿದ್ದ ಚಿಕ್ಕಪ್ಪ ಕುಣಿದೇಬಿಟ್ಟ. ‘ಕಲ್ಲಿದ್ದಲು ಕಣಣ್ಣಾ! ಕೋಲಾರದೋರ್ಗೆ ಚಿನ್ನ, ನಮ್ಗೆ ಇದು!’

ಮಾರನೆಯ ದಿನವೇ ಅಕ್ಕನನ್ನು ನೋಡಲು ಶಿಡ್ಲಘಟ್ಟದವರು ಬಂದರು. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆ. ಒಲೆಗೆ ಸೌದೆ ಎಷ್ಟಿದ್ದರೂ ಸಾಲದು. ಉಪ್ಪಿಟ್ಟು ಮುಗಿಯುವ ಮೊದಲೇ ಚಿಕ್ಕಪ್ಪ ಬಾಯಿಬಿಟ್ಟ: ‘ಇನ್ಮೇಲೆ ಸೌದೆ ಚಿಂತೆ ಬಿಡಿ, ಗಾಡಿಗಟ್ಲೆ ಕಲ್ಲಿದ್ದಲು ಕಳಿಸ್ತೀವಿ.’ ಅಪ್ಪನೂ ಮೀಸೆ ತಿರುವುತ್ತ ತಲೆಯಾಡಿಸಿದ.

‘ಎಲ್ಲಿ, ಒಂದು ಉರಿಸಿ ನೋಡಣ’ ಎಂದರು ಹುಡುಗನ ತಂದೆ.

ಅಂಗಳದ ಒಲೆಗೆ ಕಲ್ಲಿಟ್ಟು ಊದಿದರು. ಏನೂ ಇಲ್ಲ. ಚಿಕ್ಕಪ್ಪ ಸೀಮೆಎಣ್ಣೆ ಸುರಿದ, ಭಗ್ಗೆಂದಿತು. ‘ಹತ್ಕೊಂತು ನೋಡಿ!’ ಎಂದು ಚಪ್ಪಾಳೆ ತಟ್ಟಿದ. ಎಣ್ಣೆ ತೀರಿತು, ಕಲ್ಲು ಹಾಗೇ ಕೂತಿತ್ತು. ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ, ‘ಇನ್ನೊಂದು ಡಬ್ಬ ಸುರಿಯಪ್ಪ, ಉರಿದ್ರೂ ಉರಿದೀತು!’ ಎಂದಳು. ಅಪ್ಪನ ಕಿವಿ ಕೆಂಪಾದವು. ನಾನು ಅಕ್ಕನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳು ಮಾತ್ರ ಹುಡುಗನತ್ತ ನೋಡಿ ನಗು ತಡೆಯುತ್ತಿದ್ದಳು. ಅವನೂ ಅಷ್ಟೇ.

ಹುಡುಗನ ತಂದೆ ಪಂಚೆ ಕೊಡವಿ ಎದ್ದರು. ‘ಪೋನೀಯಪ್ಪ, ಹೋಗ್ಲಿ ಬಿಡಿ. ಕಲ್ಲು ನೋಡೋಕೆ ಬಂದ್ವಾ ನಾವು? ಹುಡುಗಿ ಒಪ್ಪಿಗೆ. ನೀವು ಮನೆ ನೋಡೋಕೆ ಬನ್ನಿ.’ ನಾನು ಕಿವಿಯಾರೆ ಕೇಳಿದ ಮಾತು. ಸಂಬಂಧ ಬೇಡವೆಂದು ಎದ್ದುಹೋದವರು ಹೀಗೆ ಕರೆಯುತ್ತಾರೆಯೇ?

ನಮ್ಮವರು ಹೋಗಲಿಲ್ಲ. ಶಿಡ್ಲಘಟ್ಟದವರು ಮತ್ತೆ ಹೇಳಿ ಕಳಿಸಿದ್ದರಂತೆ. ನನಗೆ ತಿಳಿದದ್ದೇ ಮೊನ್ನೆ, ಅಮ್ಮನ ಬಾಯಿಂದ. ‘ಯಾವ ಮುಖ ಇಟ್ಕೊಂಡು ಹೋಗ್ಲಿ?’ ಎಂದು ಅಪ್ಪ ಹಿತ್ತಲಿಗೆ ನಡೆದನಂತೆ.

ಕಲ್ಲಿದ್ದಲು ಹೂತುಹೋದ ಕಾಡಿನಿಂದ ಆದದ್ದು. ನಮ್ಮ ಬಂಡೆಗಳೋ, ಭೂಮಿಯ ಮೇಲೆ ಮರ ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನವು. ಅವುಗಳ ಬಿರುಕಿನೊಳಗೆ ಆಳದಿಂದ ಕುದಿಯುತ್ತ ಏರಿಬಂದು ತಣಿದದ್ದು ಆ ಕರಿಪಟ್ಟೆ. ಕಾಲೇಜಿನಲ್ಲಿ ಓದಿದ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಗೊತ್ತಿಲ್ಲದ್ದು ತಪ್ಪಲ್ಲ ಎಂದೂ ಹೇಳಿದೆ. ಆಗಲೂ ಹಿತ್ತಲಿಗೆ ನಡೆದ.

ಅಕ್ಕ ಈಗ ಚಿಂತಾಮಣಿಯಾಚೆ, ಹೆಂಡತಿ ತೀರಿಕೊಂಡವನೊಬ್ಬನಿಗೆ ಎರಡನೆಯ ಹೆಂಡತಿಯಾಗಿದ್ದಾಳೆ. ಹಬ್ಬಕ್ಕೆ ಬಂದರೆ ಉಂಡು ಹೊರಟುಬಿಡುತ್ತಾಳೆ. ಗುಡ್ಡ ಗುಡ್ಡಕ್ಕೂ ಕತೆ ಕಟ್ಟುತ್ತಿದ್ದ ಚಿಕ್ಕಪ್ಪ ಬಾಯಿ ತೆರೆಯುವುದಿಲ್ಲ. ನೆಂಟರು ನಗುವಾಗ ನನಗೆ ತಲೆ ಎತ್ತಲಾಗುವುದಿಲ್ಲ. ನಮ್ಮ ಸಂಕೋಚ ಮುಚ್ಚಿಕೊಳ್ಳಲು ಆ ಒಳ್ಳೆಯ ಜನರ ಮೇಲೆ ಸುಳ್ಳು ಹೊರಿಸಿ ಕೂತಿದ್ದೇವೆ.

ಅವರು ಮತ್ತೆ ಹೇಳಿ ಕಳಿಸಿದ್ದನ್ನ ಅಕ್ಕನಿಗೆ ಯಾವತ್ತಾದ್ರೂ ಹೇಳಿದ್ಯಾ, ಅಪ್ಪ?