ನೆಲನೆಲ್ಲಿ ಗುರುತಿಸಿದವರು

ಬೆಳಗ್ಗೆ ಕುಂಡದಲ್ಲಿ ತಾನಾಗಿ ಎದ್ದ ನೆಲನೆಲ್ಲಿಯ ಎಲೆ ಅಗಿದೆ. ಕಹಿ ಹೋಯಿತು, ಸಿಟ್ಟು ಹೋಗಲಿಲ್ಲ. ಯಾರ ಮೇಲೆ ಎಂದು ಕೇಳುತ್ತೀರಿ. ಹೇಳುತ್ತೇನೆ, ನನ್ನ ನೆನಪು ನನ್ನ ಕಡೆಗೇ ವಾಲುವುದುಂಟು, ಅಷ್ಟು ಎಚ್ಚರವಿರಲಿ.

ತೆಲುಗು ರಾಜಧಾನಿಯ ಅಂಚಿನ ಕೊಂಡಾಪುರದಲ್ಲಿ ಐಟಿ ಕಟ್ಟಡಗಳು ಏಳುತ್ತಿದ್ದ ವರ್ಷಗಳು. ನಾನು ಅದೇ ಊರಿನ ನಾರಾಯಣಗೂಡದ ಕಾಲೇಜೊಂದರಲ್ಲಿ ಔಷಧೀಯ ಸಸ್ಯಗಳ ಮೇಲೆ ಎಂ.ಫಾರ್ಮ ಪ್ರಬಂಧ ಬರೆಯುತ್ತಿದ್ದೆ. ಅಂಗಡಿಯಿಂದ ತಂದ ಒಣ ನೆಲನೆಲ್ಲಿಯ ಸಾರವನ್ನು ಗಾಜಿನ ಪ್ಲೇಟಿನ ಮೇಲೆ ಹಾಕಿದರೆ, ನನಗೆ ಬೇಕಾದ ರಾಸಾಯನಿಕದ ಚುಕ್ಕೆ ಒಂದು ದಿನ ಬರುತ್ತಿತ್ತು, ಇನ್ನೊಂದು ದಿನ ಇಲ್ಲ. ಮೂರು ತಿಂಗಳು ದ್ರಾವಕವನ್ನು ಬೈದೆ, ಪ್ಲೇಟನ್ನು ಬೈದೆ, ಕರೆಂಟನ್ನು ಬೈದೆ. ಗಿಡವನ್ನು ಮಾತ್ರ ಅನುಮಾನಿಸಲಿಲ್ಲ; ಓದಿದವನಲ್ಲವೇ.

ಕೊನೆಗೆ ಹಸಿ ಗಿಡ ಹುಡುಕುತ್ತ ಕೊಂಡಾಪುರಕ್ಕೆ ಹೋದೆ. ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದ ಯಾದಗಿರಿ ಕಡೆಯ ಸಾಬಮ್ಮ, ನಾನು ಕಿತ್ತ ಕಟ್ಟನ್ನು ನೋಡಿ ನಕ್ಕರು.

"ಎರಡು ಜಾತಿ ಕೂಡಿಸಿ ಕಿತ್ತೀರಲ್ರಿ ಸರ. ಕಡ್ಡಿ ಹೊಳ್ಳಿಸಿ ನೋಡ್ರಿ. ಈ ಕಾಯಿ ನುಣ್ಣಗ, ತೊಟ್ಟಿಗೆ ಜೋತು ಬಿದ್ದೈತಿ. ಆ ಕಾಯಿ ಒರಟು, ಕಡ್ಡಿಗೇ ಅಂಟ್ಕೊಂಡೈತಿ. ಜಗದು ನೋಡ್ರಿ, ಕಹಿ ಯಾವುದು ಐತಿ?"

ಮೊದಲನೆಯದು. ನಾನು ಹುಡುಕುತ್ತಿದ್ದ ರಾಸಾಯನಿಕವೇ ಆ ಕಹಿ. ಸಾಬಮ್ಮ ಆರಿಸಿಕೊಟ್ಟ ಗಿಡಗಳಿಂದ ಚುಕ್ಕೆ ಪ್ರತಿಸಲವೂ ಬಂತು. ಅಂಗಡಿಯ ಚೀಲದಲ್ಲಿ ಎರಡೂ ಬೆರೆತಿದ್ದವು.

ಅದನ್ನು ಹೇಳಲು ಹೋದಾಗ ಅವರು ಕೇಳಿದ್ದು ಒಂದೇ.

"ಹುಲ್ಲು ಕೀಳೋ ಹುಚ್ಚಿ ಅಂತ ನಮ್ಮ ಮಂದಿ ಭಾಳ ಆಡ್ಕೋತಾರ್ರಿ. ನಿಮ್ಮ ಪುಸ್ತಕದಾಗ ನನ್ನ ಹೆಸರು ಹಾಕಿ, ಇವರ ಮುಂದ ಓದ್ರಿ. ಸಾಕು."

ಹಾಕುತ್ತೇನೆ ಎಂದೆ.

ಮೈಸೂರಿನವರಾದ ನನ್ನ ಗೈಡ್ ಕರಡಿನಲ್ಲಿ ಸಾಬಮ್ಮನ ಹೆಸರಿದ್ದ ಸಾಲನ್ನು ಹೊಡೆದುಹಾಕಿದರು. "ಕೂಲಿಯವಳ ಹೆಸರಾ? ಪರೀಕ್ಷಕರು ನಗ್ತಾರಪ್ಪ. ಸಂಶೋಧಕ ಕಂಡುಕೊಂಡ ವಿಧಾನ ಅಂತ ಬರಿ."

ನಾನು ವಾದಿಸಿದೆ ಎಂದು ಬಹಳ ವರ್ಷ ನಂಬಿದ್ದೆ. ಹಳೆಯ ದಿನಚರಿ ತೆಗೆದರೆ ಆ ದಿನ ಇರುವುದಿಷ್ಟು: ಸರ್ ತಿದ್ದುಪಡಿ ಕೊಟ್ಟರು. ಇರಾನಿ ಚಹಾ ಕುಡಿದೆ. ವಾದ ಎಲ್ಲಿ? ಕೃತಜ್ಞತೆಯ ಪುಟದಲ್ಲಿ ಟೈಪಿಂಗ್ ಅಂಗಡಿಯವನೂ ಇದ್ದಾನೆ, ಸಾಬಮ್ಮ ಇಲ್ಲ. ಆ ಕಟ್ಟಡದ ಕಡೆ ಮತ್ತೆ ಹೋಗಲಿಲ್ಲ, ಹೋಗಿದ್ದರೆ ಓದಬೇಕಿತ್ತು. ಈಗ ಓದೋಣವೆಂದರೆ ಆ ಮಂದಿ ಎಲ್ಲಿದ್ದಾರೋ.

ಇವತ್ತು ಮಧ್ಯಾಹ್ನ ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಪ್ರಬಂಧ ತೆಗೆಸಿ, ಸಂಶೋಧಕ ಎಂಬುದನ್ನು ಹೊಡೆದುಹಾಕಿ, ಮೇಲೆ ಪೆನ್ನಿನಿಂದ ಸಾಬಮ್ಮ ಎಂದು ಬರೆದೆ. ಬೀದರ್ ಕಡೆಯ ಗ್ರಂಥಪಾಲಕರು ಎದ್ದು ಬಂದರು.

"ಏನ್ರೀ ಯಜಮಾನ್ರ, ಪುಸ್ತಕದಾಗ ಗೀಚಾಕತ್ತೀರಿ? ಇದು ನಿಮ್ದೇನ್ರಿ?"

ರಟ್ಟಿನ ಮೇಲಿನ ಹೆಸರು ತೋರಿಸಿ ಹೌದು ಎನ್ನಬಹುದಿತ್ತು.

"ಅಲ್ರಿ" ಎಂದೆ.